ಔಷಧಿ ಚೀಟಿಯೂ ಕನ್ನಡದ ತರಗತಿಯೂ



ಆಸ್ಪತ್ರೆಯಿಂದ ಹಿಂದಿರುಗಿದ ಅಜ್ಜಿಯೋ ತಾತನೋ ಸಂಜೆಯ ವೇಳೆ ಔಷಧಿಯ ಪೊಟ್ಟಣಗಳನ್ನು ಜಗಲಿಯ ಮೇಲೆ ಹರಡಿಕೊಂಡು ಮೊದಲು ಕರೆಯುವುದು ಶಾಲೆಗೆ ಹೋಗುವ ಮೊಮ್ಮಗುವನ್ನು. ಕಾಸರಗೋಡಿನ ಕಡೆ "ಇದರಲ್ಲಿ ಎಂತ ಬರೆದಿದೆ, ನೋಡು ಮಗಾ" ಎಂದೂ ಅಕ್ಕಲಕೋಟೆಯ ಕಡೆ "ಇದರಾಗ ಏನ್ ಬರದಾರ, ನೋಡವ್ವಾ" ಎಂದೂ ಕೇಳಿಬರುವ ಈ ಮಾತು ಗಡಿಭಾಗದ ಮನೆಮನೆಯ ಮಾತು. ಮಗು ಚೀಟಿಯನ್ನು ಕೈಗೆತ್ತಿಕೊಳ್ಳುತ್ತದೆ, ಓದಬಲ್ಲಷ್ಟನ್ನು ಓದುತ್ತದೆ, ಓದಲಾಗದ್ದನ್ನು ಊಹಿಸುತ್ತದೆ. ಹಿರಿಯ ಜೀವವೊಂದರ ಮುಂದಿನ ಹತ್ತು ದಿನಗಳ ಔಷಧೋಪಚಾರ ಆ ಊಹೆಯನ್ನೇ ನೆಚ್ಚಿಕೊಂಡಿರುತ್ತದೆ. ರೋಗಿಗಳ ಆರೋಗ್ಯ ಸಾಕ್ಷರತೆಯನ್ನು ಹೆಚ್ಚಿಸುವ ಬಗೆ ಯಾವುದೆಂಬ ಪ್ರಶ್ನೆಯನ್ನು ಈ ಜಗಲಿಯಿಂದಲೇ ಆರಂಭಿಸುವುದು ಸೂಕ್ತ.

ಗಡಿನಾಡಿನ ರೋಗಿಯ ಪಾಡು ಒಳನಾಡಿನ ರೋಗಿಯ ಪಾಡಿಗಿಂತ ಒಂದು ಮಡಿಕೆ ಹೆಚ್ಚು ತೊಡಕಿನದು. ಮಾತ್ರೆಯ ಸ್ಟ್ರಿಪ್ಪಿನ ಮೇಲಿನ ಬರಹ ಇಂಗ್ಲಿಷಿನಲ್ಲಿ. ಆರೋಗ್ಯ ಕೇಂದ್ರದ ಕಿಟಕಿಯಲ್ಲಿ ಹೇಳುವ ಮಾತು ಮಲಯಾಳದಲ್ಲಿ, ತಮಿಳಿನಲ್ಲಿ, ಮರಾಠಿಯಲ್ಲಿ ಅಥವಾ ತೆಲುಗಿನಲ್ಲಿ. ರೋಗಿಗೆ ನೋವು ನೋವಾಗಿ ತಿಳಿಯುವುದು ಕನ್ನಡದಲ್ಲಿ, ಹಲವು ಮನೆಗಳಲ್ಲಿ ತುಳುವಿನಲ್ಲಿ ಅಥವಾ ಬೇರೊಂದು ಮನೆಮಾತಿನಲ್ಲಿ. ಮಂಜೇಶ್ವರದ ರೋಗಿಗಳು ಜ್ವರ ಕೆಮ್ಮಿಗೆ ಊರಿನ ಸರಕಾರಿ ಆಸ್ಪತ್ರೆಯನ್ನೂ ಹೃದಯ, ಮೂತ್ರಪಿಂಡಗಳಂಥ ದೊಡ್ಡ ತೊಂದರೆಗಳಿಗೆ ಮಂಗಳೂರನ್ನೂ ನಂಬಿದವರು. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆ ನಂಬಿಕೆಯ ಆಳ ಎಷ್ಟೆಂಬುದು ನ್ಯಾಯಾಲಯಗಳವರೆಗೂ ತಿಳಿಯಿತು. ರಾಯದುರ್ಗದವರಿಗೆ ಬಳ್ಳಾರಿ ಹತ್ತಿರ. ತಾಳವಾಡಿಯವರಿಗೆ ಘಟ್ಟವಿಳಿದು ಸಿಗುವ ಸತ್ಯಮಂಗಲಕ್ಕಿಂತ ಚಾಮರಾಜನಗರದ ದಾರಿ ಹಲವು ವೇಳೆ ಸಲೀಸು. ಹೀಗೆ ಒಂದೇ ಕಾಯಿಲೆಯ ಕಾಗದಗಳು ಎರಡು ರಾಜ್ಯಗಳಲ್ಲಿ, ಮೂರು ಭಾಷೆಗಳಲ್ಲಿ ಹಂಚಿಹೋಗುತ್ತವೆ. ಇವೆಲ್ಲವನ್ನೂ ಒಂದೆಡೆ ಕೂಡಿಸಿ ಓದಬಲ್ಲವರು ಮನೆಯಲ್ಲಿ ಒಬ್ಬರೇ: ಕನ್ನಡವನ್ನು ಮಾಧ್ಯಮವಾಗಿಯೂ ರಾಜ್ಯಭಾಷೆಯನ್ನೂ ಇಂಗ್ಲಿಷನ್ನೂ ವಿಷಯಗಳಾಗಿಯೂ ಕಲಿಯುತ್ತಿರುವ ವಿದ್ಯಾರ್ಥಿ. ಗಡಿನಾಡಿನ ಕನ್ನಡ ಶಾಲೆಯು ತನಗೆ ಅರಿವಿಲ್ಲದೆಯೇ ಊರಿನ ರೋಗಿಗಳಿಗೆ ದುಭಾಷಿಗಳನ್ನು ತಯಾರಿಸುತ್ತಿದೆ.

ಆರೋಗ್ಯ ಸಾಕ್ಷರತೆ ಎಂಬ ಪಾರಿಭಾಷಿಕ ಪದದ ಹುಟ್ಟಿಗೂ ಶಾಲೆಗೂ ನಂಟಿರುವುದು ಇಲ್ಲಿ ಸ್ಮರಣೀಯ. ಅಮೆರಿಕದ ಆರೋಗ್ಯ ಶಿಕ್ಷಣ ತಜ್ಞ ಸ್ಕಾಟ್ ಸೈಮಂಡ್ಸ್ 1974ರಲ್ಲಿ ಈ ಪದವನ್ನು ಬಳಸಿದಾಗ ಅವರ ಕಣ್ಣ ಮುಂದೆ ಇದ್ದದ್ದು ಶಾಲೆಯ ತರಗತಿಗಳು: ಪ್ರತಿಯೊಂದು ತರಗತಿಯ ಮಕ್ಕಳಿಗೂ ಇಂತಿಷ್ಟು ಆರೋಗ್ಯ ಸಾಕ್ಷರತೆ ಇರಬೇಕೆಂಬ ಮಟ್ಟವನ್ನು ಗೊತ್ತುಪಡಿಸಬೇಕೆಂಬುದು ಅವರ ವಾದವಾಗಿತ್ತು. ಅನಂತರದ ದಶಕಗಳಲ್ಲಿ ಪದವು ಆಸ್ಪತ್ರೆಗಳಿಗೆ ವಲಸೆ ಹೋಯಿತು. ಶಾಲೆ ಅದನ್ನು ಮರೆಯಿತು.

ಅಕ್ಷರ ಬಲ್ಲವರೆಲ್ಲ ಈ ಅರ್ಥದಲ್ಲಿ ಸಾಕ್ಷರರಲ್ಲ. ಪದವೀಧರರೂ ರಕ್ತಪರೀಕ್ಷೆಯ ವರದಿಯ ಮುಂದೆ ತಡವರಿಸುತ್ತಾರೆ. 'ಪಾಸಿಟಿವ್' ಎಂಬ ಪದವನ್ನು ಒಳ್ಳೆಯದೆಂದು ಭಾವಿಸಿ ಸಂತೋಷದಿಂದ ಮನೆಗೆ ಮರಳುವುದು ಅವಿದ್ಯಾವಂತರಷ್ಟೇ ಮಾಡುವ ತಪ್ಪಲ್ಲ. ವ್ಯಕ್ತಿತ್ವ ವಿಕಸನದ ಭಾಷಣಗಳಲ್ಲಿ ಆ ಪದವನ್ನು ಸಾವಿರ ಸಲ ಕೇಳಿದವರು ಮಾಡುವ ತಪ್ಪೂ ಹೌದು. ಇನ್ನೊಂದೆಡೆ ಸಹಿ ಹಾಕಲು ಬಾರದ ತಾಯಿಯೊಬ್ಬಳು ಮಗುವಿನ ಉಸಿರಾಟದ ಏರಿಳಿತವನ್ನು ನೋಡಿ, ಇದು ಸಾಮಾನ್ಯ ನೆಗಡಿಯಲ್ಲವೆಂದು ನಿರ್ಣಯಿಸಿ, ರಾತ್ರೋರಾತ್ರಿ ಆಸ್ಪತ್ರೆಗೆ ಹೊರಡಬಲ್ಲಳು. ಕೇಳಿದ್ದನ್ನು ಗ್ರಹಿಸುವುದು, ಗ್ರಹಿಸಿದ್ದನ್ನು ತನ್ನ ಮನೆಯ ದಿನಚರಿಗೆ ಹೊಂದಿಸಿಕೊಳ್ಳುವುದು, ತಿಳಿಯದಿದ್ದರೆ ಮತ್ತೆ ಕೇಳುವುದು: ಈ ಮೂರೂ ಕೂಡಿದಾಗ ಮಾತ್ರ ರೋಗಿಯು ಸಾಕ್ಷರ.

ಈಗ ಚೀಟಿಯತ್ತ ಬರಬೇಕು. ಭಾರತದ ವೈದ್ಯರು ಸಾಮಾನ್ಯವಾಗಿ ಬಳಸುವ 1-0-1 ಎಂಬ ಬರವಣಿಗೆ ಅತ್ಯಂತ ಸರಳವಾದದ್ದು; ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಎರಡನೆಯ ತರಗತಿಯ ಮಗುವಿಗೂ ಸ್ಥಾನಬೆಲೆಯ ಪಾಠದ ಜೊತೆಗೆ ಇದನ್ನು ಕಲಿಸಬಹುದು, ಏಕೆಂದರೆ ಇಲ್ಲಿಯೂ ಅಂಕಿಯ ಅರ್ಥವನ್ನು ನಿರ್ಣಯಿಸುವುದು ಅದರ ಸ್ಥಾನವೇ. ಆದರೆ ಕೆಲವು ವೈದ್ಯರು ಬಿ.ಡಿ., ಟಿ.ಡಿ.ಎಸ್., ಎಸ್.ಒ.ಎಸ್. ಎಂದೂ ಬರೆಯುತ್ತಾರೆ. ಮೊದಲನೆಯದು ದಿನಕ್ಕೆ ಎರಡು ಸಲ, ಎರಡನೆಯದು ಮೂರು ಸಲ, ಮೂರನೆಯದು ಅಗತ್ಯ ಬಿದ್ದರೆ ಮಾತ್ರ. ನೋವಿನ ಮಾತ್ರೆಯ ಮುಂದಿರುವ ಎಸ್.ಒ.ಎಸ್. ಎಂಬುದನ್ನು ಅರಿಯದೆ ನೋವಿಲ್ಲದ ದಿನಗಳಲ್ಲಿಯೂ ಅದನ್ನು ನುಂಗಿ ಹೊಟ್ಟೆಯುರಿ ತಂದುಕೊಳ್ಳುವವರಿದ್ದಾರೆ. ಔಷಧಿಯ ಮೂಲನಾಮವನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ವೈದ್ಯರಿಗೆ ವಿಧಿಸಿದ ನಿಯಮ 2016ರಿಂದ ಜಾರಿಯಲ್ಲಿದೆ. ಅಕ್ಷರ ಕೂಡಿಸಿ ಓದಲು ಬಲ್ಲ ಮಗು ಚೀಟಿಯಲ್ಲಿರುವ ಹೆಸರನ್ನೂ ಪೊಟ್ಟಣದ ಮೇಲಿರುವ ಹೆಸರನ್ನೂ ಹೋಲಿಸಿ ನೋಡಬಲ್ಲದು. ಔಷಧಿ ಅಂಗಡಿಯ ಕಟ್ಟೆಯ ಮುಂದೆಯೇ ಈ ಹೋಲಿಕೆ ನಡೆದರೆ ಇನ್ನೂ ಲೇಸು.

"ಮೂರು ಹೊತ್ತು, ಊಟವಾದ ಮೇಲೆ" ಎಂಬ ಸೂಚನೆಯಲ್ಲಿ ಯಾವ ಕಠಿಣ ಪದವೂ ಇಲ್ಲ. ಆದರೂ ದಿನಕ್ಕೆ ಎರಡೇ ಹೊತ್ತು ಉಣ್ಣುವ ಕೂಲಿಕಾರರ ಮನೆಯಲ್ಲಿ ಮೂರನೆಯ ಮಾತ್ರೆ ಉಳಿದುಹೋಗುತ್ತದೆ. ಊಟವಿಲ್ಲದ ಮೇಲೆ ಊಟದ ನಂತರದ ಔಷಧಿ ಎಲ್ಲಿಯದು? ಹಾಗೆ ಉಳಿಸಿದವರು ಸೂಚನೆಯನ್ನು ಮೀರಿದವರಲ್ಲ. ಅದನ್ನು ಅಕ್ಷರಶಃ ಪಾಲಿಸಿದವರು. ಬೆಳಗಿನ ಚಹಾವನ್ನು ಊಟವೆಂದು ಎಣಿಸಬೇಕೇ ಬೇಡವೇ, ರಾತ್ರಿ ಪಾಳಿಯ ಕೆಲಸದವರಿಗೆ 'ಬೆಳಿಗ್ಗೆ' ಎಂದರೆ ಯಾವುದು, ಉಪವಾಸದ ದಿನ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಏನು ಮಾಡಬೇಕು ಎಂಬ ಪ್ರಶ್ನೆಗಳಿಗೆ ಚೀಟಿಯಲ್ಲಿ ಉತ್ತರವಿರುವುದಿಲ್ಲ. ಅವನ್ನು ವೈದ್ಯರ ಮುಂದೆಯೇ ಕೇಳಬೇಕು. ಕೇಳಬೇಕಾದ ಪ್ರಶ್ನೆ ಯಾವುದೆಂದು ಮುಂಚಿತವಾಗಿ ಹೊಳೆಯುವಂತೆ ಮಾಡುವುದು ಶಿಕ್ಷಣದ ಕೆಲಸ.

ಗಣಿತದ ತರಗತಿಗೆ ಇಲ್ಲಿ ಧಾರಾಳವಾದ ಸಾಮಗ್ರಿ ಇದೆ. ದಿನಕ್ಕೆ ಮೂರರಂತೆ ಐದು ದಿನಗಳಿಗೆ ಹದಿನೈದು ಮಾತ್ರೆ ಬೇಕು. ಸ್ಟ್ರಿಪ್ಪಿನಲ್ಲಿ ಇರುವುದು ಹತ್ತು. ಎಷ್ಟು ದಿನಕ್ಕೆ ಔಷಧಿ ಮುಗಿದೀತು? ಇದು ಸುಲಭದ ಲೆಕ್ಕ. ಇದಕ್ಕಿಂತ ಗಂಭೀರವಾದದ್ದು ಎಳೆಯ ಮಕ್ಕಳ ಜ್ವರದ ಔಷಧಿಯ ಲೆಕ್ಕ. ಪ್ಯಾರಾಸಿಟಮಾಲ್ ಎಂಬ ಒಂದೇ ಔಷಧಿ ಎರಡು ಬಗೆಯ ಸೀಸೆಗಳಲ್ಲಿ ದೊರೆಯುತ್ತದೆ. ಸಿರಪ್ಪಿನಲ್ಲಿ ಸಾಮಾನ್ಯವಾಗಿ 5 ಮಿಲಿಲೀಟರಿಗೆ 120 ಅಥವಾ 125 ಮಿಲಿಗ್ರಾಂ ಔಷಧಿ ಇರುತ್ತದೆ. ಇದರ ಇಮ್ಮಡಿ ಸತ್ತ್ವದ ಸಿರಪ್ಪೂ ಉಂಟು. ಹಸುಗೂಸುಗಳಿಗೆಂದು ತಯಾರಿಸಿದ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಮಿಲಿಲೀಟರಿಗೇ 100 ಮಿಲಿಗ್ರಾಂ ಇರುತ್ತದೆ. ಸಣ್ಣ ಸೀಸೆ, ಸಣ್ಣ ಮಗು, ಆದುದರಿಂದ ಔಷಧಿಯೂ ಮೃದು ಎಂಬ ಭಾವನೆ ಸಹಜ; ವಾಸ್ತವ ಅದಕ್ಕೆ ತದ್ವಿರುದ್ಧ. ಮನೆಯಲ್ಲಿ ಉಳಿದಿದ್ದ ಡ್ರಾಪ್ಸನ್ನು ಸಿರಪ್ಪೆಂದು ತಿಳಿದು 5 ಮಿಲಿಲೀಟರಿನ ಚಮಚದಲ್ಲಿ ಕುಡಿಸಿದರೆ ಮಗುವಿನ ಹೊಟ್ಟೆಗೆ ಹೋಗುವುದು 500 ಮಿಲಿಗ್ರಾಂ, ಅಂದರೆ ವಯಸ್ಕರು ನುಂಗುವ ಒಂದು ಇಡೀ ಮಾತ್ರೆಯಷ್ಟು. ಐದನೆಯ ತರಗತಿಯ ಅನುಪಾತದ ಲೆಕ್ಕವನ್ನು ಮಾವಿನಹಣ್ಣಿನ ಬೆಲೆಯಿಂದ ಕಲಿಸುವಂತೆಯೇ ಎರಡು ಖಾಲಿ ಸೀಸೆಗಳನ್ನು ಮೇಜಿನ ಮೇಲಿಟ್ಟೂ ಕಲಿಸಬಹುದು. ಅಡುಗೆಮನೆಯ ಚಮಚಗಳ ಗಾತ್ರ ಮನೆಮನೆಗೂ ಬೇರೆಯಾಗಿರುವುದನ್ನು ಮಕ್ಕಳೇ ನೀರು ಸುರಿದು ಅಳೆದು ನೋಡಿದರೆ, ಸೀಸೆಯೊಡನೆ ಬರುವ ಅಳತೆಯ ಮುಚ್ಚಳವನ್ನು ಯಾಕೆ ಎಸೆಯಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಪ್ರೌಢಶಾಲೆಯ ಮಕ್ಕಳಿಗೆ ಇನ್ಸುಲಿನ್ನಿನ ಲೆಕ್ಕ ಹೇಳಬಹುದು. ಸೀಸೆಯಲ್ಲಿ ಬರುವ ಇನ್ಸುಲಿನ್ ನಮ್ಮ ದೇಶದಲ್ಲಿ ಬಹುತೇಕ ಮಿಲಿಲೀಟರಿಗೆ 40 ಯೂನಿಟ್ಟಿನದು. ಅದರ ಸಿರಿಂಜಿಗೆ ಕೆಂಪು ಮುಚ್ಚಳ. ಮಿಲಿಲೀಟರಿಗೆ 100 ಯೂನಿಟ್ಟಿನದಕ್ಕೆ ಕಿತ್ತಳೆ ಬಣ್ಣದ ಮುಚ್ಚಳದ ಸಿರಿಂಜು. 100 ಯೂನಿಟ್ಟಿನ ಸೀಸೆಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 50 ಯೂನಿಟ್. ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಲು ಅಷ್ಟು ಸಾಕು. ಸಕ್ಕರೆ ಕಾಯಿಲೆಯ ಅಜ್ಜನಿರುವ ಮನೆಯ ಹುಡುಗನಿಗೆ ಈ ಭಾಗಾಕಾರ ಪರೀಕ್ಷೆಯ ಅಂಕಕ್ಕಿಂತ ದೊಡ್ಡ ಪ್ರಯೋಜನದ್ದು.

ಪೊಟ್ಟಣದ ಮೇಲಿನ ಗುರುತುಗಳಲ್ಲಿ ಕೆಂಪು ಗೆರೆಯೊಂದನ್ನು ಹೇಳಿ ಮುಂದುವರಿಯಬಹುದು. ಉದ್ದುದ್ದ ಕೆಂಪು ಗೆರೆಯಿರುವ ಔಷಧಿಗಳನ್ನು ವೈದ್ಯರ ಚೀಟಿಯಿಲ್ಲದೆ ಸೇವಿಸಬಾರದೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಿಂದ ಪ್ರಚಾರ ಮಾಡುತ್ತಿದೆ. ಆಂಟಿಬಯೋಟಿಕ್ ಔಷಧಿಗಳ ದುರ್ಬಳಕೆಯನ್ನು ತಡೆಯುವುದು ಅದರ ಮುಖ್ಯ ಉದ್ದೇಶ. ಯಾವ ಲಿಪಿಯನ್ನೂ ಅರಿಯದವರು ಕೂಡ ಓದಬಲ್ಲ ಗುರುತು ಇದೊಂದೇ ಎನ್ನಬೇಕು.

ಇನ್ನು ಭಾಷೆಯ ಮಾತು. ಗಡಿನಾಡಿನಲ್ಲಿ ನೆರೆಭಾಷೆಗಳ ಪದಗಳು ಕನ್ನಡದ ಪದಗಳಂತೆಯೇ ಕಂಡು ದಾರಿ ತಪ್ಪಿಸುವುದುಂಟು. ಮರಾಠಿಯ ವೈದ್ಯರು 'ತಾಪ' ಎಂದರೆ ಜ್ವರ; ಕನ್ನಡದ ಕಿವಿಗೆ ಅದು ಬಿಸಿಲ ಬೇಗೆಯಾಗಿಯೋ ಮನಸ್ಸಿನ ಸಂಕಟವಾಗಿಯೋ ಕೇಳಿಸೀತು. 'ಪನಿ' ಎಂಬುದು ಮಲಯಾಳದಲ್ಲಿ ಜ್ವರ, ತೆಲುಗಿನಲ್ಲಿ ಕೆಲಸ, ತಮಿಳಿನಲ್ಲಿ ಮಂಜು. ಕನ್ನಡದೊಳಗೇ 'ಮದ್ದು' ಎಂಬ ಪದವನ್ನು ತೆಗೆದುಕೊಂಡರೆ, ಕಾಸರಗೋಡಿನ ಅಜ್ಜಿಗೆ ಅದು ಶುದ್ಧಾಂಗ ಔಷಧಿ. ಘಟ್ಟದ ಮೇಲೆ "ಮದ್ದು ಹಾಕಿದ್ದಾರೆ" ಎಂದರೆ ಯಾರೋ ಕೇಡು ಬಗೆದರೆಂಬ ಅರ್ಥ. ತರಗತಿಯಲ್ಲಿ ಮಕ್ಕಳಿಂದಲೇ ಇಂಥ ಪದಗಳನ್ನು ಕೇಳಿ ಪಡೆದು, ಕರಿಹಲಗೆಯ ಮೇಲೆ ರಾಜ್ಯಭಾಷೆಯ ಪದ, ಮನೆಯ ಪದ, ಪಠ್ಯಪುಸ್ತಕದ ಪದ ಎಂದು ಮೂರು ಸಾಲಾಗಿ ಬರೆಸಿದರೆ ಅದೊಂದು ಸೊಗಸಾದ ಭಾಷಾಪಾಠ; ಮನೆಗೆ ಒಯ್ಯಬಹುದಾದ ನಿಘಂಟೂ ಹೌದು.

ಈ ಪಟ್ಟಿಯಲ್ಲಿ 'ಬಿ.ಪಿ.', 'ಶುಗರ್', 'ಕಿಡ್ನಿ', 'ಸ್ಕ್ಯಾನಿಂಗ್' ಮುಂತಾದವು ಮನೆಯ ಪದಗಳ ಸಾಲಿನಲ್ಲಿ ಬರುತ್ತವೆಂದು ಕನ್ನಡಾಭಿಮಾನಿ ಶಿಕ್ಷಕರು ಮುನಿಸಿಕೊಳ್ಳಬಾರದು. ರಕ್ತದೊತ್ತಡ, ಮಧುಮೇಹ, ಮೂತ್ರಪಿಂಡಗಳು ಸುಂದರವಾದ ಪದಗಳು, ಅವನ್ನು ಕಲಿಸಲೇಬೇಕು. ಆದರೆ ಅಜ್ಜಿಗೆ ತಿಳಿಹೇಳುವ ಗಳಿಗೆಯಲ್ಲಿ ಅಜ್ಜಿ ಬಳಸುವ ಪದವೇ ಕನ್ನಡ. ಮಧುಮೇಹ ಎಂದಾಗ ಸುಮ್ಮನೆ ತಲೆಯಾಡಿಸಿ, 'ಶುಗರ್' ಎಂದೊಡನೆ "ಅದು ನನಗೆ ಹತ್ತು ವರ್ಷದಿಂದ ಉಂಟಲ್ಲ" ಎನ್ನುವವರ ಮುಂದೆ ಪದಶುದ್ಧಿಯ ಹಟ ಹಿಡಿಯುವುದು ವಿವೇಕವಲ್ಲ.

ಸೂಚನೆಯ ಹಿಂದಿನ ಕಾರಣ ತಿಳಿಯದಿದ್ದರೆ ಸೂಚನೆ ಉಳಿಯುವುದಿಲ್ಲ ಎಂಬುದಕ್ಕೆ ಕ್ಷಯರೋಗದ ಚಿಕಿತ್ಸೆ ಉತ್ತಮ ನಿದರ್ಶನ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ: ಮೊದಲ ಎರಡು ತಿಂಗಳು ನಾಲ್ಕು ಔಷಧಿಗಳು, ಮುಂದಿನ ನಾಲ್ಕು ತಿಂಗಳು ಮೂರು. ಸರಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ ನೀಡುತ್ತಿದ್ದ ಮಾಸಿಕ 500 ರೂಪಾಯಿಗಳನ್ನು 2024ರ ನವೆಂಬರಿನಿಂದ 1,000 ರೂಪಾಯಿಗಳಿಗೆ ಏರಿಸಲಾಗಿದೆ. ಇಷ್ಟಿದ್ದರೂ ಚಿಕಿತ್ಸೆಯನ್ನು ನಡುವೆ ಬಿಡುವವರಿದ್ದಾರೆ. ಕೆಲವೇ ವಾರಗಳಲ್ಲಿ ಕೆಮ್ಮು ತಗ್ಗುತ್ತದೆ, ಹಸಿವು ಮರಳುತ್ತದೆ, ಗುಣವಾಯಿತೆಂದು ತೋರುತ್ತದೆ. ಅಳಿದುಳಿದ ರೋಗಾಣುಗಳು ಔಷಧಿಗೆ ಬಗ್ಗದ ಬಲ ಪಡೆಯುವುದು ಇಂಥ ಸಂದರ್ಭದಲ್ಲಿಯೇ. ಇನ್ನೊಂದು ಕಾರಣ ಮತ್ತೂ ಸಣ್ಣದು. ರಿಫಾಂಪಿಸಿನ್ ಎಂಬ ಔಷಧಿಯಿಂದ ಮೂತ್ರ ಕಿತ್ತಳೆಗೆಂಪು ಬಣ್ಣಕ್ಕೆ ತಿರುಗುತ್ತದೆ. ಇದು ನಿರಪಾಯಕರವೆಂದು ಮೊದಲೇ ಒಂದು ವಾಕ್ಯ ಹೇಳಿದ್ದರೆ ರೋಗಿಗಳು ಅದನ್ನು ಔಷಧಿ ಕೆಲಸ ಮಾಡುತ್ತಿರುವ ಗುರುತೆಂದು ಬಗೆಯುತ್ತಿದ್ದರು. ಹೇಳದಿದ್ದರೆ ರಕ್ತ ಹೋಗುತ್ತಿದೆಯೆಂದು ಹೆದರಿ, ಯಾರಿಗೂ ತಿಳಿಸದೆ ಮಾತ್ರೆ ನಿಲ್ಲಿಸುತ್ತಾರೆ. ಒಂದು ವಾಕ್ಯದ ಕೊರತೆ ಆರು ತಿಂಗಳ ಚಿಕಿತ್ಸೆಯನ್ನು ಮುರಿಯುತ್ತದೆ. ಆ ವಾಕ್ಯವನ್ನು ಆಡಿದ್ದು ರೋಗಿಗೆ ಅರೆಬರೆ ತಿಳಿಯುವ ಭಾಷೆಯಲ್ಲಾದರೆ ಆಡಿಯೂ ಆಡದಂತೆಯೇ.

ತಿಳಿಸುವುದಕ್ಕೂ ತಿಳಿಯುವುದಕ್ಕೂ ಇರುವ ಅಂತರವನ್ನು ಅಳೆಯುವ ಬಗೆ ಹೇಗೆ? ಇದಕ್ಕೆ ನೆರೆಯ ಬಂಗಾಳ ಸೀಮೆಯಲ್ಲಿ ಒಂದು ಅಪೂರ್ವವಾದ ಉತ್ತರ ದೊರೆತಿದೆ. ಅದು ಶಿಕ್ಷಕರ ಕಸುಬಿಗೆ ತೀರ ಹತ್ತಿರದ್ದು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಹರಿದುಬಂದ ನಿರಾಶ್ರಿತರಿಂದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರ ತುಂಬಿದ್ದಾಗ ಕಾಲರಾ ಹಬ್ಬಿತು. ರಕ್ತನಾಳದ ಮೂಲಕ ಕೊಡುವ ಸಲೈನ್ ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಅಡುಗೆ ಸೋಡ, ಗ್ಲೂಕೋಸ್ ಬೆರೆಸಿದ ನೀರನ್ನು ದೊಡ್ಡ ಪೀಪಾಯಿಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳ ಕೈಗೇ ಲೋಟ ಕೊಟ್ಟರು. ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇಕಡಾ 4ಕ್ಕಿಂತ ಕೆಳಗಿಳಿಯಿತು. ವೈದ್ಯಕೀಯ ತರಬೇತಿಯಿಲ್ಲದ ತಾಯಂದಿರು, ಅಕ್ಕಂದಿರು, ಅಣ್ಣಂದಿರು ಹೇಳಿದ್ದನ್ನು ಅರಿತು ಮಾಡಿದ್ದರ ಫಲ ಅದು. 2022ರಲ್ಲಿ ತೀರಿಕೊಂಡ ಆ ವೈದ್ಯರಿಗೆ ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ಹೊಸದಾಗಿ ಹುಟ್ಟಿದ ಬಾಂಗ್ಲಾದೇಶದಲ್ಲಿ ಬ್ರ್ಯಾಕ್ ಎಂಬ ಸಂಸ್ಥೆ 1980ರಿಂದ ಒಂದು ದಶಕದ ಕಾಲ ಈ ವಿದ್ಯೆಯನ್ನು ಮನೆಮನೆಗೆ ಒಯ್ದಿತು. ಮೂರು ಬೆರಳಿನಲ್ಲಿ ಹಿಡಿಯುವಷ್ಟು ಉಪ್ಪು, ಒಂದು ಹಿಡಿ ಬೆಲ್ಲ, ಸುಮಾರು ಅರ್ಧ ಲೀಟರ್ ನೀರು. ಕಲಿಸುವ ಹೆಣ್ಣುಮಕ್ಕಳು ಮನೆಯ ಅಂಗಳದಲ್ಲಿ ಕುಳಿತು ನೆನಪಿಡಬೇಕಾದ ಕೆಲವೇ ಅಂಶಗಳನ್ನು ಹೇಳಿ, ತಾಯಿಯ ಕೈಯಿಂದಲೇ ದ್ರಾವಣ ಮಾಡಿಸಿ ನೋಡುತ್ತಿದ್ದರು. ಒಂದು ಕೋಟಿಗೂ ಮೀರಿದ ಮನೆಗಳನ್ನು ಅವರು ಮುಟ್ಟಿದರು. ಆದರೆ ಈ ಕಾರ್ಯಕ್ರಮದ ತಿರುಳು ಬೇರೆಡೆ ಇದೆ. ಕಲಿಸಿ ಹೋದ ಕೆಲವು ವಾರಗಳ ಬಳಿಕ ಬೇರೆ ಪರಿವೀಕ್ಷಕರು ಅವುಗಳಲ್ಲಿ ಕೆಲವು ಮನೆಗಳಿಗೆ ಹೋಗಿ ತಾಯಿಯನ್ನು ವಿಚಾರಿಸುತ್ತಿದ್ದರು. ಎಷ್ಟು ನೆನಪಿದೆ, ದ್ರಾವಣವನ್ನು ಸರಿಯಾಗಿ ಮಾಡಬಲ್ಲಳೇ ಎಂದು ನೋಡುತ್ತಿದ್ದರು. ಕಲಿಸಿದವರ ಸಂಭಾವನೆ ನಿರ್ಧಾರವಾಗುತ್ತಿದ್ದುದು ತಾಯಿಯ ಉತ್ತರದ ಮೇಲೆ. ಎಷ್ಟು ಮನೆಗೆ ಹೋದೆ ಎಂಬ ಲೆಕ್ಕಕ್ಕಲ್ಲ, ಎಷ್ಟು ಉಳಿಯಿತು ಎಂಬ ಲೆಕ್ಕಕ್ಕೆ ಹಣ. ಶಿಕ್ಷಕರ ವೇತನಕ್ಕೆ ಈ ಸೂತ್ರವನ್ನು ಯಾರಾದರೂ ಅನ್ವಯಿಸಿದರೆ ಸಭೆಯಲ್ಲಿ ಕೋಲಾಹಲವಾದೀತು, ನಿಜ. ಆದರೆ ಸೂತ್ರದ ಸತ್ಯ ಮಾತ್ರ ಅಲುಗುವುದಿಲ್ಲ.

ಅಲ್ಲಿಯ ಇನ್ನೊಂದು ಅನುಭವವೂ ಕಿವಿಗೊಡತಕ್ಕದ್ದು. ಮೊದಮೊದಲು ತಾಯಂದಿರು ವಿಧಾನವನ್ನು ಚೆನ್ನಾಗಿ ಒಪ್ಪಿಸುತ್ತಿದ್ದರೂ ಮಕ್ಕಳಿಗೆ ಭೇದಿಯಾದಾಗ ಅದನ್ನು ಬಳಸುವುದು ಕಡಿಮೆಯಿತ್ತು. ಕಾರಣ ಹುಡುಕಿದಾಗ, ಕಲಿಸುವವರಲ್ಲಿಯೇ ಹಲವರಿಗೆ ಆ ನೀರಿನ ಮೇಲೆ ನಂಬಿಕೆಯಿಲ್ಲದಿರುವುದು ಹೊರಬಿತ್ತು. ತಮ್ಮ ಭೇದಿಗೆ ಅವರು ಬೇರೆ ಔಷಧಿ ನುಂಗುತ್ತಿದ್ದರು. ಮನೆಯ ಗಂಡಸರನ್ನು ಈ ಪಾಠದಿಂದ ಹೊರಗಿಟ್ಟದ್ದೂ ತೊಡಕಾಗಿತ್ತು. ಎರಡನ್ನೂ ತಿದ್ದಿದ ಮೇಲೆ ಬಳಕೆ ಏರಿತು. ತಾನು ನಂಬದ್ದನ್ನು ಕಲಿಸುವವರ ಪಾಠ ಕಂಠಪಾಠವಾಗಿಯೇ ಉಳಿಯುತ್ತದೆಂಬುದು ಯಾವ ವಿಷಯದ ಶಿಕ್ಷಕರಿಗೂ ಹೊಸತಲ್ಲ.

ಈಗ ಹಿಡಿ ಬೆಲ್ಲದ ಅಗತ್ಯ ಅಷ್ಟಾಗಿಲ್ಲ. ಉಪ್ಪು ಹೆಚ್ಚಾದರೆ ಅಪಾಯವೂ ಇದೆ. ಓ.ಆರ್.ಎಸ್. ಪೊಟ್ಟಣ ಆರೋಗ್ಯ ಕೇಂದ್ರದಲ್ಲಿಯೂ ಆಶಾ ಕಾರ್ಯಕರ್ತೆಯರ ಬಳಿಯೂ ದೊರೆಯುತ್ತದೆ. ಆದರೆ ಪೊಟ್ಟಣವೂ ಓದನ್ನು ಬೇಡುತ್ತದೆ. ಸುಮಾರು 21 ಗ್ರಾಮಿನ ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ. ಅಂಗಡಿಗಳಲ್ಲಿ ಸಿಗುವ 4 ಗ್ರಾಮಿಗೆ ತುಸು ಮೀರಿದ ಸಣ್ಣ ಪೊಟ್ಟಣ 200 ಮಿಲಿಲೀಟರಿಗೆ. ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದರೆ ಐದು ಪಟ್ಟು ಗಟ್ಟಿಯಾದ ಉಪ್ಪುನೀರು ಮಗುವಿಗೆ ಕೆಡುಕು ಮಾಡುತ್ತದೆ. ಪೊಟ್ಟಣವನ್ನು ಇಷ್ಟಿಷ್ಟೇ ಬಳಸಿ ಉಳಿಸಿಕೊಳ್ಳುವುದೂ ತಪ್ಪು. ಕಲಸಿದ ದ್ರಾವಣವನ್ನು 24 ಗಂಟೆಗಳ ಬಳಿಕ ಚೆಲ್ಲಬೇಕು. ಜೊತೆಗೆ ಕೊಡುವ ಜಿಂಕ್ ಮಾತ್ರೆಯನ್ನು ಭೇದಿ ನಿಂತ ಮೇಲೂ ಹದಿನಾಲ್ಕು ದಿನ ಪೂರ್ತಿ ಕೊಡಬೇಕು. ಮನೆಯಲ್ಲಿರುವ ಯಾವ ಪಾತ್ರೆ ಒಂದು ಲೀಟರಿನದು ಎಂದು ಪ್ರತಿಯೊಂದು ಮಗುವೂ ಅಳೆದು ಗುರುತಿಟ್ಟುಕೊಂಡು ಬರಲಿ. ಮನೆಗೆಲಸವಾಗಿ ಕೊಡಲು ಇದಕ್ಕಿಂತ ಉಪಯುಕ್ತವಾದ ಅಭ್ಯಾಸ ಸಿಗುವುದು ಕಷ್ಟ.

ಹೇಳಿದ್ದನ್ನು ರೋಗಿಯ ಬಾಯಿಂದಲೇ ಮರಳಿ ಹೇಳಿಸುವ ಪದ್ಧತಿಯನ್ನು ಈಗ ಹಲವು ದೇಶಗಳ ಆಸ್ಪತ್ರೆಗಳು ದಾದಿಯರಿಗೆ ಕಲಿಸುತ್ತಿವೆ. ಕನ್ನಡದ ಶಿಕ್ಷಕರಿಗೆ ಇದು ಒಪ್ಪಿಸುವ ಪಾಠದ ಇನ್ನೊಂದು ಮುಖ. "ತಿಳಿಯಿತೇ?" ಎಂದು ಕೇಳಿದರೆ ಇಡೀ ತರಗತಿ "ಹೌದು ಸಾರ್" ಎನ್ನುತ್ತದೆ; ಅದೇ ದನಿಯಲ್ಲಿ ಅಜ್ಜಿ ವೈದ್ಯರಿಗೆ "ಹ್ಞೂಂ" ಎನ್ನುತ್ತಾಳೆ. ದೊಡ್ಡವರ ಮುಂದೆ ತಿಳಿಯಲಿಲ್ಲವೆನ್ನುವುದು ಅವಿನಯವೆಂಬ ಸಂಸ್ಕಾರ ಇಬ್ಬರಲ್ಲಿಯೂ ಇದೆ. ಆದುದರಿಂದ ಮಗುವಿಗೆ ಕಲಿಸಬೇಕಾದದ್ದು ಚೀಟಿ ಓದಿ ಹೇಳಿ ಎದ್ದುಹೋಗುವುದನ್ನಲ್ಲ. "ಅಜ್ಜೀ, ರಾತ್ರಿ ಯಾವುದು ನುಂಗುತ್ತೀರಿ, ತೋರಿಸಿ" ಎಂದು ಕೇಳಿ, ಅಜ್ಜಿಯ ಕೈ ಸರಿಯಾದ ಸ್ಟ್ರಿಪ್ಪಿನ ಮೇಲೆ ಹೋಗುವವರೆಗೆ ಕಾಯುವುದನ್ನು. ತರಗತಿಯಲ್ಲಿ ಇಬ್ಬಿಬ್ಬರು ಮಕ್ಕಳನ್ನು ರೋಗಿಯಾಗಿಯೂ ಓದುವವರಾಗಿಯೂ ಕೂರಿಸಿ ಈ ಸಂಭಾಷಣೆಯನ್ನು ಆಡಿಸಬಹುದು. ಅದರಲ್ಲಿ ಒಂದು ಕಟ್ಟುನಿಟ್ಟು ಇರಲಿ: ಅಕ್ಷರ ಸ್ಪಷ್ಟವಿಲ್ಲದಿದ್ದರೆ, ಪದ ತಿಳಿಯದಿದ್ದರೆ, ಊಹಿಸಬಾರದು, "ಇದು ನನಗೆ ತಿಳಿಯದು, ಅಂಗಡಿಯಲ್ಲಿ ಕೇಳಿಬರೋಣ" ಎನ್ನಬೇಕು. ಗೊತ್ತಿಲ್ಲವೆನ್ನುವ ಮಗುವಿಗೆ ಅಂಕ ಕಳೆಯುವ ಶಾಲೆಯಲ್ಲಿ ಈ ಅಭ್ಯಾಸ ಬೆಳೆಯದು. ಹಾಗೆಯೇ ಶಿಕ್ಷಕರೂ ಔಷಧಿ ಸೂಚಿಸುವ, ಬದಲಿಸುವ, ನಿಲ್ಲಿಸಲು ಹೇಳುವ ಗೊಡವೆಗೆ ಹೋಗಬಾರದು. ಅವರ ವ್ಯಾಪ್ತಿ ಓದು, ಲೆಕ್ಕ, ಪ್ರಶ್ನೆ.

ಪ್ರಶ್ನಿಸುವುದು ರೋಗಿಯ ಹಕ್ಕೂ ಹೌದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಬೇಕೆನ್ನುವ ಸಂವಿಧಾನದ 350ಎ ವಿಧಿಯನ್ನು ಗಡಿನಾಡಿನ ಶಿಕ್ಷಕರು ಬಲ್ಲರು. ಆಸ್ಪತ್ರೆಯ ವಿಚಾರದಲ್ಲಿ ಅಷ್ಟೊಂದು ಪರಿಚಿತವಲ್ಲದ್ದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು. ಅದರ 17 ಹಕ್ಕುಗಳಲ್ಲಿ ಮೊದಲನೆಯದೇ ಮಾಹಿತಿಯ ಹಕ್ಕು. ರೋಗದ ಸ್ವರೂಪವನ್ನೂ ಚಿಕಿತ್ಸೆಯನ್ನೂ ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂಬುದು ಅದರ ಆಶಯ. ಶಸ್ತ್ರಚಿಕಿತ್ಸೆಗೆ ಮುನ್ನ ಪಡೆಯುವ ಒಪ್ಪಿಗೆ ತಿಳಿವಳಿಕೆಯಿಂದ ಕೂಡಿದ್ದಾಗಿರಬೇಕೆಂದು ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಹಾಗಿದ್ದೂ ಒಪ್ಪಿಗೆ ಪತ್ರದಡಿ ಹೆಬ್ಬೆಟ್ಟೊತ್ತುವ ಅಥವಾ ಸಹಿ ಮಾಡುವ ಗಡಿನಾಡಿನ ರೋಗಿಗಳಲ್ಲಿ ಅದನ್ನು ಓದಿಸಿಕೊಂಡವರು ವಿರಳ. "ಇದನ್ನು ಕನ್ನಡದಲ್ಲಿ ಒಮ್ಮೆ ಹೇಳುವವರು ಯಾರಾದರೂ ಇದ್ದಾರೆಯೇ?" ಎಂದು ರಾಜ್ಯಭಾಷೆಯಲ್ಲಿ ವಿನಯವಾಗಿ ಕೇಳುವ ವಾಕ್ಯವನ್ನು ಎಂಟನೆಯ ತರಗತಿಯ ಪ್ರತಿ ಮಗುವೂ ಬಾಯಿಪಾಠ ಮಾಡಿರಬೇಕು. ಕೇಳಿದರೆ ಸಿಗುವುದುಂಟು, ಗಡಿನಾಡಿನ ಆಸ್ಪತ್ರೆಗಳ ಸಿಬ್ಬಂದಿಯಲ್ಲಿ ಕನ್ನಡ ಬಲ್ಲ ದಾದಿಯರೋ ಲ್ಯಾಬಿನವರೋ ಹಲವೆಡೆ ಇದ್ದೇ ಇರುತ್ತಾರೆ.

ಕೊನೆಯದಾಗಿ, ಮಗುವಿನ ಹೆಗಲ ಮೇಲೆ ಎಷ್ಟು ಭಾರ ಹೊರಿಸಬಹುದೆಂಬ ವಿಚಾರ. ಮಾತ್ರೆಯ ಹೊತ್ತು ಓದಿ ಹೇಳುವುದು ಬೇರೆ. "ನಿಮ್ಮ ತಾಯಿಗೆ ಗಡ್ಡೆಯಿದೆಯೆಂದು ಹೇಳು" ಎಂಬ ಮಾತನ್ನು ಹನ್ನೆರಡು ವರ್ಷದ ಹುಡುಗಿ ವೈದ್ಯರ ಕೋಣೆಯಲ್ಲಿ ನಿಂತು ಕನ್ನಡಕ್ಕೆ ತರುವುದು ಬೇರೆ. ಮಗು ಅದನ್ನು ಮೆದುಗೊಳಿಸುತ್ತದೆ, ಅರ್ಧ ನುಂಗುತ್ತದೆ. ತಾಯಿಯೂ ಮಗಳ ಮುಂದೆ ತನ್ನ ನಿಜವಾದ ತೊಂದರೆಯನ್ನು ವೈದ್ಯರಿಗೆ ಹೇಳಲು ನಾಚುತ್ತಾಳೆ. ತಪ್ಪು ತಿಳಿವಳಿಕೆ ಎರಡೂ ಕಡೆಯಿಂದ ಹುಟ್ಟುತ್ತದೆ, ಮಗುವಿನ ಮನಸ್ಸಿಗೂ ಗಾಯವಾಗುತ್ತದೆ. ಗಂಭೀರ ಕಾಯಿಲೆ, ಹೆಂಗಸರ ಕಾಯಿಲೆ, ಶಸ್ತ್ರಚಿಕಿತ್ಸೆಯ ಒಪ್ಪಿಗೆ, ಇವುಗಳಲ್ಲಿ ದುಭಾಷಿಯಾಗಿ ಮಗುವನ್ನು ಕರೆದೊಯ್ಯಬಾರದೆಂದು ಪೋಷಕರ ಸಭೆಯಲ್ಲಿ ಸ್ಪಷ್ಟವಾಗಿ ಹೇಳಬೇಕು. ಆಶಾ ಕಾರ್ಯಕರ್ತೆ, ಅಂಗನವಾಡಿಯ ಶಿಕ್ಷಕಿ, ಎರಡೂ ಭಾಷೆ ಬಲ್ಲ ನೆರೆಮನೆಯ ಹಿರಿಯರು, ಶಾಲೆಯಿಂದ ಹೊರಬಿದ್ದ ಹಳೆಯ ವಿದ್ಯಾರ್ಥಿಗಳು, ಇವರಲ್ಲಿ ಯಾರು ಯಾವ ದಿನ ಜೊತೆಗೆ ಹೋಗಬಲ್ಲರೆಂಬ ಒಂದು ಪಟ್ಟಿ ಮುಖ್ಯೋಪಾಧ್ಯಾಯರ ಮೇಜಿನ ಮೇಲಿದ್ದರೆ ಸಾಕು. "ಅಜ್ಜಿಯ ಜೊತೆ ಆಸ್ಪತ್ರೆಗೆ ಹೋಗಬೇಕಾಗಿರುವುದರಿಂದ ಒಂದು ದಿನದ ರಜೆ ದಯಪಾಲಿಸಬೇಕು" ಎಂಬ ರಜಾ ಅರ್ಜಿ ಕೈಗೆ ಬಂದಾಗ ಶಿಕ್ಷಕರು ಕಾಗುಣಿತ ತಿದ್ದಿ ಸಹಿ ಹಾಕುವ ಮುಂಚೆ, ಯಾವ ಆಸ್ಪತ್ರೆ, ಏನು ಕಾಯಿಲೆ, ಜೊತೆಗೆ ದೊಡ್ಡವರು ಯಾರು ಹೋಗುತ್ತಾರೆ ಎಂದು ಕೇಳಲಿ. ದೊಡ್ಡವರು ಯಾರೂ ಇಲ್ಲವೆಂದಾದರೆ ಆ ಪಟ್ಟಿಯನ್ನು ಅಂದೇ ತೆರೆಯಲಿ.